ಎರಡು ಸಿಲಿಂಡರ್ ಗಾಳಿ

1962ರಲ್ಲಿ ನಾನು ಬಂಟ್ವಾಳ ಪೇಟೆಯ ಒಂದು ಆಫೀಸಿನಲ್ಲಿ ಸ್ಟೆನೋ-ಟೈಪಿಸ್ಟ್ ಆಗಿದ್ದೆ. ಆಫೀಸಿನ ಧಣಿಗಳು ನೇತ್ರಾವತಿಯಲ್ಲಿ ಮಂಗಳೂರಿಗೆ ಸರಕಿನ ಲಾಂಚ್ ಓಡಿಸುತ್ತಿದ್ದರು. ಕಾನ್ವೆಂಟಿನ ಸಿಸ್ಟರುಗಳು ಗದರಿಸಿ ಕಲಿಸಿದ ಇಂಗ್ಲಿಷ್ ಬಿಟ್ಟರೆ ನನ್ನಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಆ ಇಂಗ್ಲಿಷಿನ ದೆಸೆಯಿಂದಲೇ, ಈಜಲು ಬಾರದ ನನ್ನ ಪಾಲಿಗೆ ಒಬ್ಬ ಡೈವರನ್ನು ಹೊಳೆಯ ತಳಕ್ಕೆ ಇಳಿಸುವ ಏರ್ಪಾಡು ಬಂತು.

ಆ ವರ್ಷದ ಮೊದಲ ನೆರೆಯಲ್ಲಿ ಧಣಿಗಳ ಲಾಂಚ್ ಪೇಟೆಯಿಂದ ಸ್ವಲ್ಪ ಕೆಳಗೆ, ಹೊಳೆ ತಿರುಗುವಲ್ಲಿನ ಆಳದ ಗುಂಡಿಯಲ್ಲಿ ಮುಳುಗಿತ್ತು. ಆಳುಗಳಿಬ್ಬರು ಈಜಿ ದಡ ಸೇರಿದರು. ಲಾಂಚ್ ನಡೆಸುತ್ತಿದ್ದ ದೂಮಪ್ಪ ಬರಲಿಲ್ಲ. ತೇಲಲು ಬೇಕಾದ ಲಾರಿ ಟ್ಯೂಬುಗಳನ್ನು ಯಾರಾದರೂ ಕದ್ದಾರೆಂದು ಧಣಿಗಳು ಕ್ಯಾಬಿನ್ನಿನೊಳಗೆ ಇಡಿಸುತ್ತಿದ್ದರು. ದೂಮಪ್ಪ ಅವನ್ನು ತರಲು ಒಳಗೆ ಹೋದದ್ದನ್ನು ಒಬ್ಬ ಆಳು ನೋಡಿದ್ದ. ಇನ್ನೊಬ್ಬ, ಅವನು ಆಚೆ ಬದಿಯಿಂದ ಹಾರಿದ ಹಾಗೆ ಕಂಡಿತು ಎಂದ. ಹೆಣ ಸಿಗಲಿಲ್ಲ. ಊರಿಗೆ ಅಷ್ಟೇ ಸಾಕಾಯಿತು. ದೂಮಪ್ಪ ಬೊಂಬಾಯಿಗೆ ಓಡಿದ್ದಾನೆ, ಅಲ್ಲಿ ಇನ್ನೊಬ್ಬಳನ್ನು ಇಟ್ಟುಕೊಂಡಿದ್ದಾನೆ ಎಂದು ಮಾತು ಹುಟ್ಟಿತು. ಮೂಡಬಿದಿರೆಯ ನೆಂಟನೊಬ್ಬ ಬೊಂಬಾಯಿಯ ಹೋಟೆಲೊಂದರಲ್ಲಿ ಅವನನ್ನು ಕಣ್ಣಾರೆ ಕಂಡೆನೆಂದೂ ಹೇಳಿದ.

ಅದನ್ನು ನಂಬಿದವಳು ದೂಮಪ್ಪನ ತಾಯಿ. ಮಗ ಬದುಕಿರುವಾಗ ಬೊಜ್ಜ ಮಾಡಲು ಬಿಡುವುದಿಲ್ಲ ಎಂದು ಆಕೆ ಪಟ್ಟು ಹಿಡಿದಳು. ಬೊಜ್ಜವೆಂದರೆ ತುಳುವರ ಉತ್ತರಕ್ರಿಯೆ. ಅದು ಆಗದೆ ಸತ್ತವನು ಹಿರಿಯರ ಸಾಲಿಗೆ ಸೇರುವುದಿಲ್ಲ, ಹೆಂಡತಿಗೆ ವಿಧವೆಯೆಂಬ ಸ್ಥಾನವೂ ಇಲ್ಲ. ದೂಮಪ್ಪನ ಹೆಂಡತಿ ಅಪ್ಪಿ ಬಳೆ ತೊಟ್ಟೇ ಓಡಾಡಬೇಕಾಯಿತು. ಬಾವಿಕಟ್ಟೆಯಲ್ಲಿ ಹೆಂಗಸರು, "ಏನು ಅಪ್ಪಿ, ಬೊಂಬಾಯಿಯಿಂದ ಸೀರೆ ಬಂತಾ?" ಎಂದು ಕೇಳುತ್ತಿದ್ದರು.

ಊರಿನ ಈಜುಗಾರರು ಉಸಿರು ಕಟ್ಟಿ ಮುಳುಗಿ ಲಾಂಚಿನ ಮಾಡು ಮುಟ್ಟಿ ಬಂದಿದ್ದರು. ಕ್ಯಾಬಿನ್ ಬಾಗಿಲು ತೆರೆಯುವಷ್ಟು ಹೊತ್ತು ನಿಲ್ಲುವುದು ಅವರಿಂದಾಗಲಿಲ್ಲ. ಧಣಿಗಳಿಗೆ ಬೇಕಿದ್ದದ್ದು ಎಂಜಿನ್. ಅದಕ್ಕಾಗಿ ಕೊಚ್ಚಿಯಿಂದ ಕುರಿಯನ್ ಎಂಬ ಡೈವರನ್ನು ಗೊತ್ತು ಮಾಡಿದರು. ಅವನಿಗೆ ತುಳುವೂ ಬಾರದು, ಕನ್ನಡವೂ ಬಾರದು.

ಅಪ್ಪಿ ಆಫೀಸಿನ ಹಿಂಬಾಗಿಲಿಗೆ ಬಂದಳು. ಕ್ರಿಶ್ಚಿಯನ್ ಹೆಂಗಸರಾದ ನಮ್ಮನ್ನು ಊರವರು ಬಾಯಮ್ಮ ಎಂದೇ ಕರೆಯುತ್ತಿದ್ದರು. "ಬಾಯಮ್ಮ, ಅವರ ಸೊಂಟದಲ್ಲಿ ಬೆಳ್ಳಿಯ ನೇವಳ ಉಂಟು. ಮನುಷ್ಯ ಕೊಳೆತರೂ ಬೆಳ್ಳಿ ಕೊಳೆಯುವುದಿಲ್ಲ ಅಲ್ವಾ? ಅದೊಂದು ಸಿಕ್ಕಿದರೆ ಸಾಕು, ಅತ್ತೆಯ ಕೈಗೆ ಕೊಡ್ತೇನೆ."

"ಸಿಗದಿದ್ದರೆ?"

"ಕ್ಯಾಬಿನ್ನಿನಲ್ಲಿ ಇಲ್ಲ ಅಂತಾದರೆ ನಾನೇ ಬೊಂಬಾಯಿಗೆ ಹೋಗಿ ಜುಟ್ಟು ಹಿಡಿದು ಎಳೆದು ತರ್ತೇನೆ. ಎರಡರಲ್ಲಿ ಒಂದು ಗೊತ್ತಾಗಲಿ."

ಕುರಿಯನ್‌ಗೆ ಎಲ್ಲವನ್ನೂ ಬರೆದೆ. ಸಮುದ್ರದ ಲೆಕ್ಕ ಹೊಳೆಯಲ್ಲಿ ನಡೆಯುವುದಿಲ್ಲ, ಸಿಹಿನೀರಿನಲ್ಲಿ ಮೈ ಅಷ್ಟು ತೇಲುವುದಿಲ್ಲವಾದ್ದರಿಂದ ಸೊಂಟದ ಸೀಸದ ತೂಕ ಕಡಿಮೆ ಮಾಡಬೇಕು, ಹೂಳು ಕದಡಿದರೆ ತನ್ನ ಕೈಯೇ ತನಗೆ ಕಾಣದು ಎಂದು ಅವನು ಉತ್ತರಿಸಿದ. ನೀರು ಯಾವಾಗ ತಿಳಿಯಾಗುತ್ತದೆಂದು ನಾನು ವಿಚಾರಿಸಿದೆ. ಬೆಳ್ತಂಗಡಿ ಕಡೆಯವರು ತೋಟ ಗದ್ದೆಗಳಿಗಾಗಿ ತೋಡುಗಳಿಗೆ ಮಣ್ಣಿನ ಕಟ್ಟ ಹಾಕುವಾಗ ಕೆಳಗಿನ ಹೊಳೆಯೂ ಕೆಂಪಾಗುತ್ತದೆ. ಅದು ಮುಗಿದು ಕೆಸರು ಇಳಿಯಬೇಕು. ಹಾಗಾಗಿ ಮಕರ ಸಂಕ್ರಾಂತಿ ಕಳೆದ ಮೇಲಿನ ಒಂದು ದಿನ ನಿಶ್ಚಯವಾಯಿತು. ಸೂರ್ಯ ನೆತ್ತಿಗೆ ಬಂದಾಗ ಮಾತ್ರ ಗುಂಡಿಯ ತಳಕ್ಕೆ ಬೆಳಕು ಇಳಿಯುತ್ತಿತ್ತು.

ಮುಖ್ಯ ಸಂಗತಿ ಗಾಳಿಯದ್ದು. ಸಿಲಿಂಡರುಗಳಿಗೆ ಗಾಳಿ ತುಂಬಿಸುವ ಕಂಪ್ರೆಸರ್ ನಮ್ಮ ಕಡೆ ಎಲ್ಲೂ ಇರಲಿಲ್ಲ. ಕೊಚ್ಚಿಯಲ್ಲೇ ತುಂಬಿಸಿ ತಂದದ್ದು ಎರಡು. ಒಂದರಲ್ಲಿ ಅರ್ಧ ಗಂಟೆಯ ಕೆಲಸ ಎಂದ ಕುರಿಯನ್, ಟ್ರಾವೆಲರ್ಸ್ ಬಂಗಲೆಯ ಜಗಲಿಯಲ್ಲಿ ಕೂತು, "ಮ್ಯಾನ್ ಫಸ್ಟ್, ಮಷೀನ್ ನೆಕ್ಸ್ಟ್" ಎಂದು ಕ್ರಮ ಹಾಕಿಕೊಟ್ಟ. ಒಂದನೇ ಸಿಲಿಂಡರ್ ಕ್ಯಾಬಿನ್‌ಗೆ, ಎರಡನೆಯದು ಎಂಜಿನ್‌ಗೆ. ಅದನ್ನು ನಾನೇ ಟೈಪ್ ಮಾಡಿದೆ. ಧಣಿಗಳು ಓದಿಸಿ ಕೇಳಿ, "ಆಗಲಿ, ಪುಣ್ಯದ ಕೆಲಸ" ಎಂದರು.

ಆ ದಿನ ದಡಕ್ಕೆ ಹೋದರೆ ಶಾಮಿಯಾನ ಎದ್ದಿತ್ತು. ಬಿ.ಸಿ.ರೋಡಿನಿಂದ ಮೈಕ್ ತರಿಸಿದ್ದರು. ಸೋಫಾಗಳಲ್ಲಿ ಆಫೀಸರುಗಳೂ ಅವರ ಮಿಸೆಸ್‌ಗಳೂ ಕೂತಿದ್ದರು. ನಮ್ಮ ಊರಿನಲ್ಲಿ ಹೊಸದೇನು ಬಂದರೂ ಅದಕ್ಕೆ ಹಾರ ಹಾಕದೆ ಕೆಲಸ ಶುರುವಾಗುವುದಿಲ್ಲ. ಕುರಿಯನ್‌ಗೂ ಹಾರ ಬಿತ್ತು, ರಬ್ಬರ್ ಸೂಟಿನ ಮೇಲೆಯೇ. ಸ್ವಾಗತ, ಪರಿಚಯ, ಭಾಷಣ. ಅವನು ಆಕಾಶ ನೋಡುತ್ತಿದ್ದ.

ಆಮೇಲೆ ಧಣಿಗಳು ನನ್ನನ್ನು ಕರೆದರು. "ಹಿಲ್ಡಾ, ಇಲ್ಲೇ ಮೆಟ್ಟಿಲ ಹತ್ತಿರ ಒಮ್ಮೆ ಮುಳುಗಿ ತೋರಿಸಲಿಕ್ಕೆ ಹೇಳು. ಬಂದವರಿಗೆ ಗುಂಡಿಯಲ್ಲಿ ಎಂತ ಕಾಣ್ತದೆ?"

ಹೇಳಿದೆ. ಕುರಿಯನ್ ಒಲ್ಲೆನೆಂದ. ಧಣಿಗಳು ನಗುನಗುತ್ತಲೇ, "ಕರೆಸಿದ್ದು ನಾನು ಅಂತ ಹೇಳು" ಎಂದರು. ಅದನ್ನೂ ಹೇಳಿದೆ.

ಅವನು ಮುಳುಗಿದ. ನೀರಿಗೆ ಎಸೆದ ಹಿತ್ತಾಳೆಯ ಚೆಂಬನ್ನು ಹುಡುಕಿ ತಂದ. ಚಪ್ಪಾಳೆ ಬಿತ್ತು. ಮತ್ತೆ ಎಸೆದರು, ಮತ್ತೆ ತಂದ. ಅಷ್ಟರಲ್ಲಿ ಮುಖ್ಯ ಅತಿಥಿಗಳ ಕಾರು ಬಂತು. ಅವರು ತಡವಾಗಿ ಬಂದವರು, ಏನನ್ನೂ ನೋಡಿರಲಿಲ್ಲ. ಪಾಪ, ಅವರಿಗಾಗಿ ಎಲ್ಲವೂ ಮೊದಲಿನಿಂದ ಆಯಿತು. ಕುರಿಯನ್ ಮೇಲೆ ಬಂದು ಗೇಜ್ ನೋಡಿ, ಸಿಲಿಂಡರ್ ಕಳಚಿ ಮರಳಿನ ಮೇಲೆ ಇಟ್ಟ. ನನಗಷ್ಟೇ ಕೇಳುವಂತೆ, "ದಟ್ ವಾಸ್ ಹಿಸ್" ಎಂದ. ಅದು ಅವನದ್ದಾಗಿತ್ತು. ದೂಮಪ್ಪನದ್ದು.

ಉಳಿದದ್ದು ಒಂದು. ನಾನು ಶಾಮಿಯಾನದ ಒಳಗೇ ಹೋಗಿ, ಕ್ಯಾಬಿನ್ ಮೊದಲು ಎಂದು ಒಪ್ಪಿದ್ದೀರಲ್ಲ ಎಂದು ನೆನಪಿಸಿದೆ.

"ಸತ್ತವನಿಗೆ ಎಂತ ಅವಸರ ಮಾರಾಯ್ತಿ?" ಎಂದರು ಧಣಿಗಳು. "ಎಂಜಿನ್ ತುಕ್ಕು ಹಿಡೀತದೆ." ಸೋಫಾದವರು ನಕ್ಕರು.

ಎಂಜಿನ್ ಇದ್ದದ್ದು ಲಾಂಚಿನ ಹಿಂಭಾಗದಲ್ಲಿ, ಕ್ಯಾಬಿನ್ ಮುಂಭಾಗದಲ್ಲಿ. ಕುರಿಯನ್ ಇಳಿದು ಎಂಜಿನ್ ಬಿಚ್ಚಿ ಹಗ್ಗ ಬಿಗಿದು ಬಂದ. ದಡದ ಗಂಡಸರು ಓಬೇಲೆ ಹಾಡಿ ಎಳೆದರು. ಶಾಮಿಯಾನದಿಂದ ದೂರದಲ್ಲಿ, ಬಿಸಿಲಿನಲ್ಲಿ ಕೂತಿದ್ದ ಅಪ್ಪಿ ಎದ್ದು ಬಂದಳು. ತಲೆಯಿಂದ ನೀರಿಳಿಯುತ್ತಿದ್ದ ಕುರಿಯನ್‌ನ ಮುಖವನ್ನೇ ನೋಡುತ್ತ, "ಕೇಳಿ ಬಾಯಮ್ಮ" ಎಂದಳು.

ಕೇಳಿದೆ. ಎಂಜಿನ್‌ನಿಂದ ಹಿಂದಿರುಗುವಾಗ ತಾನು ಕ್ಯಾಬಿನ್ ಬಾಗಿಲನ್ನು ಮುಟ್ಟಿದೆ, ಹೂಳು ಒತ್ತಿ ಮುಚ್ಚಿತ್ತು, ತೆರೆಯಲು ಗಾಳಿ ಉಳಿದಿರಲಿಲ್ಲ ಎಂದ. ತುಳುವಿನಲ್ಲಿ ಅವಳಿಗೆ ತಿಳಿಸಿದೆ.

"ಗಾಳಿ ಇರಲಿಲ್ಲವಾ?" ಎಂದಳು ಅಪ್ಪಿ. "ಚೆಂಬು ಹೆಕ್ಕಲಿಕ್ಕೆ ಇತ್ತಲ್ಲ."

ಆ ಮಾತನ್ನು ಕುರಿಯನ್‌ಗೆ ಇಂಗ್ಲಿಷಿನಲ್ಲಿ ಹೇಳುವ ಅಗತ್ಯ ಬೀಳಲಿಲ್ಲ. ಅವನು ತಲೆ ತಗ್ಗಿಸಿ ಸೀಸದ ಬೆಲ್ಟ್ ಬಿಚ್ಚುತ್ತಿದ್ದ.

ಇನ್ನೊಮ್ಮೆ ಅವನನ್ನು ಕರೆಸುವ ಮಾತೆತ್ತಿದಾಗೆಲ್ಲ ಧಣಿಗಳು "ನೋಡುವ" ಎಂದರು. ಆ "ನೋಡುವ" ಮಳೆಗಾಲದವರೆಗೆ ನಡೆಯಿತು. ಆ ಸಲದ ನೆರೆ ಲಾಂಚನ್ನು ಒಡೆದು ಒಯ್ದು, ಗುಂಡಿಯಲ್ಲಿ ಮರಳು ತುಂಬಿಸಿ ಹೋಯಿತು. ನಾನು ಆ ಕೆಲಸ ಬಿಟ್ಟು ಮಂಗಳೂರಿಗೆ ಹೋದೆ.

ಕೆಲವು ವರ್ಷಗಳ ನಂತರ ಅಪ್ಪಿ ಬೆಳ್ತಂಗಡಿಯ ಬಸ್ ನಿಲ್ದಾಣದಲ್ಲಿ ಸಿಕ್ಕಿದಳು. ಹಣೆಯಲ್ಲಿ ಕುಂಕುಮವಿತ್ತು. ಅತ್ತೆ ತೀರಿಕೊಂಡರು ಎಂದಳು. ಹಾಗಾದರೆ ಇನ್ನು ಬೊಜ್ಜಕ್ಕೆ ಯಾರ ಅಡ್ಡಿಯೂ ಇಲ್ಲವಲ್ಲ ಎಂದೆ.

"ಅಡ್ಡಿ ಇಲ್ಲ. ಆದರೆ ಅವರು ಸತ್ತಿದ್ದಾರೆ ಅಂತ ಮೊದಲು ಒಬ್ಬರು ಹೇಳಬೇಕು ಬಾಯಮ್ಮ. ನಾನೇ ಹೇಳಬೇಕಾ?"

ಬಸ್ ಬಂತು, ಹತ್ತಿದಳು.

ಆಮೇಲೆ ಮೂವತ್ತು ವರ್ಷ ಬೇರೆ ಬೇರೆ ಆಫೀಸುಗಳಲ್ಲಿ ಎಷ್ಟೋ ಪ್ರೋಗ್ರಾಮುಗಳನ್ನು ಪ್ಲಾನ್ ಮಾಡಿದೆ. ಎಫಿಶಿಯೆಂಟ್ ಎಂಬ ಹೆಸರೂ ಬಂತು. ನೀರಿನ ಆಳ, ಬೆಳಕಿನ ಹೊತ್ತು, ಗಾಳಿಯ ಅಳತೆ, ಎಲ್ಲವನ್ನೂ ಮುಂಚಿತವಾಗಿ ತಿಳಿಯಬಹುದು. ಆದರೆ ಆ ಹೊಳೆಯ ಕೆಲಸ ನನಗೆ ಕಲಿಸಿದ್ದು ಇಷ್ಟು: ಕಾಗದದಲ್ಲಿ ಯಾರನ್ನು ಮೊದಲು ಬರೆದರೂ, ದಡದಲ್ಲಿ ಸೋಫಾ ಹಾಕಿಸಿದವನ ಸರದಿಯೇ ಮೊದಲು. ಬಿಸಿಲಲ್ಲಿ ಕೂತವರ ಸರದಿ ಬರುವಾಗ ಗಾಳಿ ಮುಗಿದಿರುತ್ತದೆ.