ಬಾಟ್ಲಿಯೊಳಗಿನ ಉಸಿರು

ಕಾಡುಗೋಡಿಯ ಚಿಕ್ಕಮುನಿಯಮ್ಮ ವೈಟ್‌ಫೀಲ್ಡ್ ಕಡೆಯ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿದ್ದರು. ಮಕ್ಕಳ ವಾರ್ಡಿನ ನೆಲ ಒರೆಸುವುದು, ಬೆಡ್‌ಪ್ಯಾನ್ ತೊಳೆಯುವುದು, ಹಾಸಿಗೆ ಬದಲಿಸುವುದು ಅವರ ಕೆಲಸ. ಮಕ್ಕಳನ್ನು ಆಡಿಸುವುದು ಅದರಲ್ಲಿ ಸೇರಿರಲಿಲ್ಲ. ಆದರೂ ಚೂರು ಬಿಡುವು ಸಿಕ್ಕರೆ ಮಂಚದ ಪಕ್ಕ ಕೂತು ಬಟ್ಟೆಯಲ್ಲಿ ಬೊಂಬೆ ಕಟ್ಟಿಕೊಡುತ್ತಿದ್ದರು. 1995ರ ಬೇಸಿಗೆಯಲ್ಲಿ ವಾರ್ಡಿನ ನಾಲ್ಕು ಮಕ್ಕಳಿಗೆ ಒಟ್ಟಿಗೆ ವಾಂತಿಭೇದಿ ಹತ್ತಿತು. ಹೆಡ್ ಸಿಸ್ಟರ್ ಕಮಲಮ್ಮ ಆಟದ ಸಾಮಾನನ್ನೆಲ್ಲ ಹೊರಗೆ ಹಾಕಿಸಿದರು. ಇನ್ನೊಮ್ಮೆ ಬೊಂಬೆ ಕಂಡರೆ ಕೆಲಸದಿಂದ ತೆಗೆಸುವುದಾಗಿ ಎಲ್ಲರೆದುರು ಹೇಳಿದರು.

ಆ ಜುಲೈನಲ್ಲಿ ಆರು ವರ್ಷದ ಕಾವ್ಯಾ ಬಂದಳು. ತಂದೆ ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ನ್ಯುಮೋನಿಯಾ ಬಲಿತು ಮಗುವಿನ ಎದೆಯಲ್ಲಿ ಕೀವು ತುಂಬಿತ್ತು. ಡಾಕ್ಟರ್ ಅಮರೇಶ್ ಪಕ್ಕೆಗೆ ಕೊಳವೆ ಹಾಕಿ, ಅದರ ತುದಿಯನ್ನು ಮಂಚದ ಕೆಳಗೆ ನೀರಿದ್ದ ಗಾಜಿನ ಬಾಟ್ಲಿಗೆ ಇಳಿಬಿಟ್ಟರು. ಕೀವು ಹರಿಯಿತು, ಜ್ವರ ಇಳಿಯಿತು. ಮುದುಡಿದ ಶ್ವಾಸಕೋಶ ಮಾತ್ರ ಅರಳಲಿಲ್ಲ. ಅದು ಅರಳಬೇಕಾದರೆ ಮಗು ಜೋರಾಗಿ ಉಸಿರಾಡಬೇಕು, ಕೆಮ್ಮಬೇಕು. ಕಾವ್ಯಾ ತುಟಿ ಬಿಗಿಹಿಡಿದು ಗುಬ್ಬಚ್ಚಿಯಂತೆ ಸಣ್ಣಗೆ ಉಸಿರಾಡುತ್ತಿದ್ದಳು. ನೋವಿಗೆ ಔಷಧಿ ಕೊಟ್ಟರೂ ಅಷ್ಟೇ. ಸಿಸ್ಟರ್ ಗದರಿದರು. ಸಂಜೆ ಒಂದೇ ಗಂಟೆ ಒಳಗೆ ಬರಲು ಅನುಮತಿಯಿದ್ದ ತಾಯಿ ಬೇಡಿಕೊಂಡರು. ಮಗು ಮಾತೇ ಆಡಲಿಲ್ಲ.

ಶುಕ್ರವಾರ ಡಾಕ್ಟರ್, ಸೋಮವಾರದ ಎಕ್ಸ್‌ರೇಯಲ್ಲೂ ಹೀಗೇ ಇದ್ದರೆ ಸಿಟಿಯ ದೊಡ್ಡಾಸ್ಪತ್ರೆಗೆ ಕಳಿಸಿ ಎದೆ ತೆರೆಯಬೇಕಾಗುತ್ತದೆ ಎಂದು ತಾಯಿಗೆ ಹೇಳಿದರು. ನೆಲ ಒರೆಸುತ್ತಿದ್ದ ಚಿಕ್ಕಮುನಿಯಮ್ಮನ ಕಿವಿಗೂ ಅದು ಬಿತ್ತು.

ಶನಿವಾರ ಬೆಳಿಗ್ಗೆ ಸಿಸ್ಟರ್ ಆಫೀಸಿಗೆ ಹೋದದ್ದನ್ನು ನೋಡಿಕೊಂಡು, ಚಿಕ್ಕಮುನಿಯಮ್ಮ ಒಂದು ಒಗೆದ ಟವೆಲ್ಲನ್ನು ಗಂಟು ಹಾಕಿ ಬೊಂಬೆ ಮಾಡಿ ಕಾವ್ಯಾಳ ಮಡಿಲಲ್ಲಿಟ್ಟರು. ಬಾಗಿಲ ಕಡೆ ಒಂದು ಕಣ್ಣಿಟ್ಟೇ ಇದ್ದರು. ಮಗು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿತು. ಆಮೇಲೆ ಟವೆಲ್ಲಿನಿಂದ ಒಂದು ದಾರ ಎಳೆದು ಬೊಂಬೆಯ ಪಕ್ಕೆಗೆ ಕಟ್ಟಿ, ಇನ್ನೊಂದು ತುದಿಯನ್ನು ನೀರಿನ ಲೋಟದೊಳಗೆ ಬಿಟ್ಟಿತು. ಬೊಂಬೆಯ ಬಾಯಿಯನ್ನು ಅಂಗೈಯಿಂದ ಮುಚ್ಚಿತು.

"ಜೋರಾಗಿ ಉಸಿರು ಬಿಡ್ಬೇಡ. ಎಲ್ಲಾ ಬಾಟ್ಲಿಗೆ ಹೋಗ್ಬಿಡತ್ತೆ. ಆಮೇಲೆ ಸತ್ತೋಗ್ತೀಯ."

ಚಿಕ್ಕಮುನಿಯಮ್ಮ ಮಂಚದ ಕೆಳಗಿನ ಬಾಟ್ಲಿಯನ್ನು ಬಗ್ಗಿ ನೋಡಿದರು. ಮಗು ಉಸಿರಾಡಿದಂತೆಲ್ಲ ಕೊಳವೆಯೊಳಗೆ ನೀರು ಏರಿಳಿಯುತ್ತಿತ್ತು. ನಾಲ್ಕು ದಿನದಿಂದ ಕಾವ್ಯಾ ಅದನ್ನೇ ನೋಡುತ್ತಾ ತನ್ನ ಪ್ರಾಣ ಕಾಯ್ದುಕೊಳ್ಳುತ್ತಿದ್ದಳು.

ತಲೆ ಎತ್ತಿದಾಗ ಕಮಲಮ್ಮ ಎದುರಿಗೇ ನಿಂತಿದ್ದರು. ಬೊಂಬೆ ಕಿತ್ತುಕೊಳ್ಳಲು ಕೈ ಚಾಚಿದರು. ಎಂದೂ ಎದುರಾಡದ ಚಿಕ್ಕಮುನಿಯಮ್ಮ ಅಡ್ಡ ಬಂದರು.

"ನನ್ನ ಇವತ್ತೇ ತೆಗೆದಾಕಿ ಸಿಸ್ಟರ್. ಮೊದ್ಲು ಡಾಕ್ಟ್ರನ್ನ ಕರೀರಿ. ಮಗು ಯಾಕಿಂಗೆ ಉಸಿರು ಇಡ್ಕಂಡೈತೆ ಅಂತ ಗೊತ್ತಾಯ್ತು."

ಸಿಸ್ಟರ್ ದಾರವನ್ನೂ ಲೋಟವನ್ನೂ ನೋಡಿದರು. ಹೋಗಿ ತಾವೇ ಡಾಕ್ಟರನ್ನು ಕರೆತಂದರು.

ಬಾಟ್ಲಿಗೆ ಹೋಗುವುದು ಕೆಟ್ಟ ನೀರು ಮಾತ್ರ ಎಂದು ಅಮರೇಶ್ ಬೊಂಬೆ ಹಿಡಿದು ತೋರಿಸಿ ಹೇಳಿದರು. ಕಾವ್ಯಾ ನಂಬಲಿಲ್ಲ. ಆಗ ಚಿಕ್ಕಮುನಿಯಮ್ಮ ಹಿತ್ತಲಿನ ಪರಂಗಿ ಎಲೆಯ ದಂಟನ್ನು ಮುರಿದು, ಬಿಸಿನೀರಲ್ಲಿ ತೊಳೆದು, ಸೋಪಿನ ನೀರಿನೊಂದಿಗೆ ತಂದರು.

"ಬೊಂಬೆಗೆ ಗುಳ್ಳೆ ಊದಕ್ಕೆ ಬರಲ್ಲ ಕಣವ್ವ. ನೀನೊಂದ್ಸಲ ತೋರ್ಸು."

ಕಾವ್ಯಾ ತುಸುವೇ ಊದಿ, ಬಾಟ್ಲಿ ನೋಡಿ, ಕಾದಳು. ಏನೂ ಆಗಲಿಲ್ಲ. ಮತ್ತೆ ಊದಿದಳು. ಮೂರನೆಯ ಸಲ ಕೆಮ್ಮು ಒತ್ತರಿಸಿ ಬಂದು, ಕೊಳವೆಯಿಂದ ಕೀವು ಭುಸ್ಸನೆ ಬಾಟ್ಲಿಗೆ ನುಗ್ಗಿತು. ಮಗು ಚಿಕ್ಕಮುನಿಯಮ್ಮನ ಸೀರೆ ಹಿಡಿದು ಕಣ್ಣು ಮುಚ್ಚಿಕೊಂಡಿತು. ಸಾಯುವುದಕ್ಕೆ ಕಾಯುತ್ತಿದೆ ಎಂದು ಮೂವರಿಗೂ ಗೊತ್ತಿತ್ತು. ಕೊನೆಗೆ ಅದು ಕಣ್ಣು ತೆರೆದು, ಒಂದು ನೀಳವಾದ ಉಸಿರೆಳೆದು, ದಂಟಿಗಾಗಿ ಕೈ ನೀಡಿತು.

ಸೋಮವಾರದ ಎಕ್ಸ್‌ರೇಯಲ್ಲಿ ಶ್ವಾಸಕೋಶ ಅರ್ಧಕ್ಕಿಂತ ಹೆಚ್ಚು ಅರಳಿತ್ತು. ಆಪರೇಷನ್ ಬೇಕಾಗಲಿಲ್ಲ. ಗುರುವಾರ ಕೊಳವೆ ತೆಗೆದರು.

ಚಿಕ್ಕಮುನಿಯಮ್ಮನ ಕೆಲಸ ಉಳಿಯಿತು. ತಾಯಂದಿರಿಗೆ ಒಂದೇ ಗಂಟೆ ಎಂಬ ನಿಯಮ ಇನ್ನೂ ಎರಡು ವರ್ಷ ಹಾಗೇ ಇತ್ತು. ಬೊಂಬೆಗಳನ್ನು ಮಾತ್ರ ಕಮಲಮ್ಮ ದಿನಾ ಕುದಿಸಿ ಒಣಗಿಸುವ ಷರತ್ತಿನ ಮೇಲೆ ಒಳಗೆ ಬಿಟ್ಟರು. ಕುದಿಸುವ ಕೆಲಸವೂ ಚಿಕ್ಕಮುನಿಯಮ್ಮನ ಪಾಲಿಗೇ ಬಂತು.