ಮದುವೆ ವಿಡಿಯೋದಲ್ಲಿ ಅಪ್ಪನ ಎಡಗೈ

ನನ್ನ ಅಪ್ಪ ರಾಮಚಂದ್ರಪ್ಪ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಟರ್ನರ್ ಆಗಿದ್ದರು. ಲೇತಿನ ಮೇಲೆ ತಿರುಗುವ ಕಬ್ಬಿಣವನ್ನು ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದಂತೆ ಕಡೆಯುವ ಕೆಲಸ ಅದು. ನಾನು ಬೆಳೆದದ್ದು ನ್ಯೂ ಟೌನ್ ಕ್ವಾರ್ಟರ್ಸ್‌ನಲ್ಲಿ. ಒಂದು ಮನೆಯಲ್ಲಿ ತಮಿಳು, ಪಕ್ಕದ್ದರಲ್ಲಿ ತೆಲುಗು, ನಮ್ಮದರಲ್ಲಿ ಕನ್ನಡ. ಸಂಜೆ ಯಾರದಾದರೂ ಜಗಲಿಯಲ್ಲಿ ಕೇರಂ ಬೋರ್ಡ್ ಹಾಕಿದರೆ ಮೂರು ಭಾಷೆಯ ಜಗಳವೂ ಒಟ್ಟಿಗೇ ಶುರು. ಅದರ ನಡುವೆ ಅಪ್ಪನ ನಗು. ತಲೆ ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ, ಭುಜವೆಲ್ಲ ಕುಲುಕುವಂತೆ ನಗುತ್ತಿದ್ದರು. ನಾಲ್ಕನೇ ಮನೆಯ ಸೆಲ್ವಿ ಅಕ್ಕ ಅಡುಗೆಮನೆಯಿಂದಲೇ "ಇವತ್ತು ರಾಮಚಂದ್ರಪ್ಪನವ್ರು ಸೋತ್ರು ಅಂತ ಕಾಣುತ್ತೆ" ಎನ್ನುತ್ತಿದ್ದಳು. ನಿಜವೇ. ಗೆದ್ದಾಗ ಅಪ್ಪ ಸುಮ್ಮನಿರುತ್ತಿದ್ದರು, ನಗುತ್ತಿದ್ದದ್ದು ಸೋತಾಗ.

ಅಂಥ ಅಪ್ಪ ನನ್ನ ಮದುವೆಯಲ್ಲಿ ನಗಲಿಲ್ಲ.

ಜಯಕುಮಾರ್ ಅವರನ್ನು ನಾನೇ ಒಪ್ಪಿಕೊಂಡಿದ್ದೆ. ಇಬ್ಬರೂ ಶಿವಮೊಗ್ಗದ ನವುಲೆಯ ಕೃಷಿ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತರು. ಅವರದು ಬೇರೆ ಜಾತಿ. ವಿಷಯ ಹೇಳಿದ ಮೇಲೆ ಅಪ್ಪ ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಎಂಟನೇ ದಿನ ತಾವೇ ಬಸ್ ಹತ್ತಿ ಶಿವಮೊಗ್ಗಕ್ಕೆ ಬಂದು, ಜಯಕುಮಾರ್ ಜೊತೆ ಕಾಫಿ ಕುಡಿದು, ವಾಪಸ್ ಹೋಗಿ ಅಮ್ಮನಿಗೆ "ಹುಡುಗ ಪರವಾಗಿಲ್ಲ ಕಣೇ" ಎಂದರಂತೆ. ಎಲ್ಲ ಸರಿಹೋಯಿತು ಎಂದುಕೊಂಡೆ.

ಧಾರೆಯ ದಿನ ನೋಡಿದರೆ ಅಪ್ಪನ ಮುಖದಲ್ಲಿ ಜೀವವೇ ಇರಲಿಲ್ಲ. ಬಂದವರಿಗೆಲ್ಲ ಕೈ ಮುಗಿದರು, ಕರೆದು ಊಟಕ್ಕೆ ಕೂರಿಸಿದರು. ತುಟಿ ಮಾತ್ರ ಅರಳಲಿಲ್ಲ. "ಹುಡುಗಿಯ ಅಪ್ಪನಿಗೆ ಮನಸ್ಸಿಲ್ಲ ಅನ್ಸುತ್ತೆ" ಎಂದು ಗಂಡಿನ ಕಡೆಯವರೊಬ್ಬರು ನನ್ನ ಕಿವಿಗೆ ಬೀಳುವಂತೆಯೇ ಆಡಿದರು. ಅಮ್ಮ ಜಲಜಮ್ಮ ತಡೆಯಲಾರದೆ ಅಪ್ಪನನ್ನು ಮಂಟಪದ ಹಿಂದಕ್ಕೆ ಕರೆದೊಯ್ದು, "ನಾಲ್ಕು ಜನರ ಮುಂದೆ ಯಾಕ್ರೀ ಹೀಗೆ ಮುಖ ಗಂಟು ಹಾಕ್ಕೊಂಡಿದ್ದೀರಾ?" ಎಂದು ಗದರಿದ್ದರಂತೆ.

"ನಾನೇನು ಮಾಡ್ದೆ ಮಾರಾಯ್ತಿ?" ಎಂದಿದ್ದರು ಅಪ್ಪ.

ಆ ನೋವು ನನ್ನೊಳಗೆ ಉಳಿದುಬಿಟ್ಟಿತು. ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ? ಆದರೂ ಹಬ್ಬಕ್ಕೆ ಹೋದರೆ ಹೋದೆ, ಇಲ್ಲದಿದ್ದರೆ ಇಲ್ಲ. ಹೋದಾಗಲೂ ಮಾತು ಅಮ್ಮನ ಜೊತೆ. ಅಪ್ಪ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಆ ನೋಟವೂ ನನಗೆ ಸಿಟ್ಟಿನಂತೆಯೇ ಕಾಣುತ್ತಿತ್ತು.

ಮದುವೆಯಾದ ಮರುವರ್ಷ ಅಪ್ಪ ನಿವೃತ್ತರಾಗಿ, ಭದ್ರಾವತಿಯಲ್ಲೇ ಒಂದು ಬಾಡಿಗೆ ಮನೆ ಹಿಡಿದರು. ಸ್ವಲ್ಪ ದಿನಕ್ಕೆ ಎಡಭುಜದ ನೋವು ಶುರುವಾಯಿತು. ಭುಜ ಹಿಡಿದುಕೊಂಡಿದೆ ಎಂದು ಒಂದು ವರ್ಷವಿಡೀ ಎಣ್ಣೆ ತಿಕ್ಕಿದ್ದು, ಶಾಖ ಕೊಟ್ಟದ್ದು ಎಲ್ಲ ಆಯಿತು. ಆಮೇಲೆ ಬಲಗೈಯೂ ಮಂದವಾಗಿ ಅಂಗಿಯ ಗುಂಡಿ ಹಾಕುವುದು ಕಷ್ಟವಾಯಿತು. ಬ್ಯಾಂಕಿನವರು ಸಹಿ ಹೊಂದುತ್ತಿಲ್ಲ ಎಂದರು. ಜೊತೆಗೆ ಹೋಗಿದ್ದ ಜಯಕುಮಾರ್ ಗಮನಿಸಿದರು: ಹೆಸರಿನ ಮೊದಲಕ್ಷರ ಸರಿಯಾಗಿದೆ, ಮುಂದೆ ಮುಂದೆ ಇರುವೆಯಷ್ಟಾಗಿದೆ. ಸುಮ್ಮನಿರದೆ ಅವರೇ ಶಿವಮೊಗ್ಗದಲ್ಲಿ ನರರೋಗ ತಜ್ಞೆ ಡಾ. ಉಮಾಮಹೇಶ್ವರಿ ಅವರ ಬಳಿ ದಿನ ಗೊತ್ತುಮಾಡಿದರು. ನಾನೂ ಹೋದೆ.

ಡಾಕ್ಟರು ಅಪ್ಪನಿಂದ ಹೆಬ್ಬೆರಳು, ತೋರುಬೆರಳನ್ನು ಒಂದಕ್ಕೊಂದು ಬಡಿಸಿದರು. ಮೊಣಕೈ ಮಡಚಿ ಬಿಡಿಸಿ ನೋಡಿದರು. ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ನಡೆಸಿದರು. ಆಮೇಲೆ ನಮ್ಮನ್ನು ಕೂರಿಸಿ ಹೇಳಿದರು: "ಇದು ಪಾರ್ಕಿನ್ಸನ್ ಕಾಯಿಲೆ. ಭುಜದ ನೋವೂ ಇದರದ್ದೇ ಇರಬೇಕು."

"ಕೈ ನಡುಗೋದೇ ಇಲ್ವಲ್ಲ ಡಾಕ್ಟ್ರೇ?" ಎಂದರು ಅಮ್ಮ.

"ಎಲ್ಲರಿಗೂ ನಡುಗಲ್ಲ ಜಲಜಮ್ಮ. ಕೆಲವರಿಗೆ ಬರೀ ಬಿಗಿತ, ನಿಧಾನ. ರಕ್ತ ಪರೀಕ್ಷೆ ಮಾಡಿ ಇದೇ ಅಂತ ಹೇಳೋ ಹಾಗಿಲ್ಲ. ಕಣ್ಣಲ್ಲಿ ನೋಡ್ಬೇಕು, ಕೇಳ್ಬೇಕು, ಮಾತ್ರೆಗೆ ಹೇಗೆ ಬಗ್ಗುತ್ತೆ ಅಂತ ಕಾಯ್ಬೇಕು."

ಆಗ ಅವರು ಒಂದು ಅಧ್ಯಯನ ಮಾಡುತ್ತಿದ್ದರು. ಕಾಯಿಲೆ ಪತ್ತೆಯಾಗುವುದಕ್ಕೆ ಎಷ್ಟು ವರ್ಷ ಮುಂಚೆ ಅದು ಮೈಯೊಳಗೆ ಬಂದಿರುತ್ತದೆ ಎಂದು ರೋಗಿಗಳ ಹಳೆಯ ದಿನಗಳನ್ನು ಕೆದಕಿ ಹುಡುಕುವ ಕೆಲಸ. ಅಪ್ಪ ಒಪ್ಪಿದರು. ಪ್ರಶ್ನೆಗಳ ದೊಡ್ಡ ಪಟ್ಟಿಯೇ ಇತ್ತು. ಬಾವಿ ನೀರು ಕುಡಿಯುತ್ತಿದ್ದಿರಾ, ತಲೆಗೆ ಪೆಟ್ಟು ಬಿದ್ದಿತ್ತಾ, ಮನೆತನದಲ್ಲಿ ಬೇರೆ ಯಾರಿಗಾದರೂ ಇತ್ತಾ. ವಾಸನೆ ಗೊತ್ತಾಗುವುದು ಯಾವಾಗ ಕಮ್ಮಿಯಾಯಿತು ಎಂಬ ಪ್ರಶ್ನೆಗೆ ಅಪ್ಪ ಯೋಚಿಸಿದರು.

"ಕಮ್ಮಿ ಏನಾಗಿಲ್ಲ. ಕಾರ್ಖಾನೆ ಕಡೆಯಿಂದ ಒಂದು ಘಾಟು ಬರ್ತಿತ್ತು. ಅದು ನಿಂತಿದ್ದು ಮಾತ್ರ ನೆನಪಿದೆ. ಕೆಲಸ ಕಮ್ಮಿ ಆಯ್ತಲ್ಲ, ಅದಕ್ಕೆ."

ಅಮ್ಮ ತಿರುಗಿ ನೋಡಿದರು. "ಎಲ್ಲಿ ನಿಂತಿತ್ತು? ನಾವು ಕ್ವಾರ್ಟರ್ಸ್ ಬಿಡೋವರೆಗೂ ಬಟ್ಟೆ ಒಣಗಿಸಿದ್ರೆ ಅದೇ ಘಾಟು."

ಡಾಕ್ಟರು ಅದನ್ನೂ ಕಾಯಿಲೆಯ ಮುನ್ಸೂಚನೆಗಳ ಸಾಲಿನಲ್ಲಿ ಬರೆದುಕೊಂಡರು. ಕೊನೆಯಲ್ಲಿ ಕೇಳಿದರು: "ಹಳೇ ವಿಡಿಯೋ ಏನಾದ್ರೂ ಇದ್ಯಾ? ಮದುವೆ, ಗೃಹಪ್ರವೇಶ, ಯಾವ್ದಾದ್ರೂ ಸರಿ. ಅವರು ನಡೆಯೋದು ಕಾಣ್ಬೇಕು."

ಇದ್ದದ್ದು ನನ್ನ ಮದುವೆಯದೊಂದೇ. ನಾನು ಅದನ್ನು ಒಮ್ಮೆಯೂ ನೋಡಿರಲಿಲ್ಲ. ಭಾನುವಾರ ಮಧ್ಯಾಹ್ನ ನವುಲೆಯ ನಮ್ಮ ಮನೆಯಲ್ಲಿ ನಾಲ್ವರೂ ಕೂತು ಹಾಕಿದೆವು. ಗಂಡಿನ ಕಡೆಯವರನ್ನು ಎದುರುಗೊಳ್ಳಲು ಅಪ್ಪ ಮಂಟಪದ ಬಾಗಿಲಿಗೆ ನಡೆದು ಬರುತ್ತಿದ್ದಾರೆ. ಹೊಸ ಪಂಚೆ, ಹೆಗಲ ಮೇಲೆ ಶಲ್ಯ. ಬಲಗೈ ಹಿಂದೆ ಮುಂದೆ ಬೀಸುತ್ತಿದೆ. ಎಡಗೈ ಮೊಣಕೈಯಲ್ಲಿ ಚೂರು ಮಡಚಿ ಹೊಟ್ಟೆಗೆ ಅಂಟಿಕೊಂಡಂತಿದೆ. ಅಲ್ಲಾಡುವುದೇ ಇಲ್ಲ.

"ಕೈ ನೋಡೇ ಪುಷ್ಪಾ," ಎಂದರು ಅಮ್ಮ, ಪಿಸುಮಾತಿನಲ್ಲಿ.

ಧಾರೆ ಬಂತು. ಕ್ಯಾಮೆರಾದವನು ಅಪ್ಪನ ಮುಖವನ್ನು ಹತ್ತಿರದಿಂದ ಹಿಡಿದಿದ್ದ. ಕಣ್ಣು ಮಿಟುಕಿಸುವುದೂ ಅಪರೂಪ. ಈ ಕಾಯಿಲೆಯಲ್ಲಿ ಮುಖವೂ ಹೀಗೆ ಬಿಗಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಕೇಳಬಾರದೆಂದು ಇಷ್ಟು ವರ್ಷ ಬಿಟ್ಟಿದ್ದನ್ನು ನಾನು ಕೇಳಿಬಿಟ್ಟೆ.

"ಅಪ್ಪಾ, ಅವತ್ತು ನಿಮ್ಗೆ ಬೇಜಾರಿತ್ತಾ?"

ಅಪ್ಪ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ನಾನು ನಗ್ತಾ ಇದ್ದೆ ಕಣಮ್ಮ," ಎಂದರು. "ಇಡೀ ದಿನ ನಗ್ತಾನೇ ಇದ್ದೆ ಅಂದ್ಕೊಂಡಿದ್ದೆ. ನಿಮ್ಮಮ್ಮ ಯಾಕೆ ಬೈದ್ಲು ಅಂತ ಇವತ್ತು ಗೊತ್ತಾಯ್ತು."

ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ನಾನು ಎದ್ದು ಹೋಗಿ ಅಪ್ಪನ ಕಾಲ ಬಳಿ ಕೂತೆ. ಅವರ ಎಡಗೈ ಹಿಡಿದುಕೊಂಡಾಗ ಅದು ಎಷ್ಟು ಬಿಗಿಯಾಗಿದೆ ಎಂದು ಮೊದಲ ಸಲ ತಿಳಿಯಿತು. ಅಪ್ಪ ಜಯಕುಮಾರ್ ಕಡೆ ತಿರುಗಿ, "ಒಂದು ವಾರ ಮಾತು ಬಿಟ್ಟಿದ್ದು ಮಾತ್ರ ಕಾಯಿಲೆ ಅಲ್ಲ. ಅದು ನಾನೇ," ಎಂದರು. ಜಯಕುಮಾರ್ ಜೋರಾಗಿ ನಕ್ಕುಬಿಟ್ಟರು.

ಡಾ. ಉಮಾಮಹೇಶ್ವರಿ ವಿಡಿಯೋವನ್ನು ಎರಡು ಸಲ ನೋಡಿದರು. "ಮುಖದ ಬಗ್ಗೆ ಖಂಡಿತ ಹೇಳೋಕಾಗಲ್ಲ. ಮಗಳ ಮದುವೆ ಅಂದ್ರೆ ಯಾರ ಮುಖವಾದ್ರೂ ಬಿಗಿಯಾಗಿರುತ್ತೆ. ಆದ್ರೆ ಆ ಕೈ ಸುಳ್ಳು ಹೇಳಲ್ಲ. ನಾಲ್ಕು ವರ್ಷದ ಹಿಂದೇನೇ ಶುರುವಾಗಿತ್ತು," ಎಂದರು.

ಮಾತ್ರೆಗೆ ಅಪ್ಪನ ಮೈ ಬಗ್ಗಿತು. ಎರಡು ತಿಂಗಳಲ್ಲಿ ಗುಂಡಿ ತಾವೇ ಹಾಕಿಕೊಂಡರು. ಕಾಯಿಲೆ ಹೋಗುವುದಿಲ್ಲ, ಮಾತ್ರೆಯಿಂದ ಓಡಾಟ ಸಲೀಸಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆ ವರ್ಷವೇ ಇಬ್ಬರನ್ನೂ ನಮ್ಮ ಮನೆಗೆ ಕರೆತಂದೆವು. ಈಗ ಹತ್ತು ವರ್ಷವಾಯಿತು. ಇತ್ತೀಚೆಗೆ ಬಾಗಿಲ ಬಳಿ ಬಂದರೆ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ಡಾಕ್ಟರು ಹೇಳಿಕೊಟ್ಟಂತೆ ಜಯಕುಮಾರ್ ಅಲ್ಲಿ ಬಣ್ಣದ ಟೇಪಿನಿಂದ ಅಡ್ಡ ಗೆರೆ ಹಾಕಿದ್ದಾರೆ. ಗೆರೆ ದಾಟುವವರಂತೆ ಕಾಲೆತ್ತಿ ಅಪ್ಪ ಹೊರಗೆ ಬರುತ್ತಾರೆ. ನಾನು ಮಾತು ಬಿಟ್ಟ ಆ ನಾಲ್ಕು ವರ್ಷಗಳ ವಿಷಯ ನಾವಿಬ್ಬರೂ ಮತ್ತೆ ಎತ್ತಿಲ್ಲ.

ಕಳೆದ ತಿಂಗಳು ಡಾಕ್ಟರು, ಕೊನೆಗೂ ಮುಗಿದ ತಮ್ಮ ಅಧ್ಯಯನದ ವರದಿಯ ಒಂದು ಪ್ರತಿ ಕೊಟ್ಟರು. ಇಂಗ್ಲಿಷಿನಲ್ಲಿತ್ತು. ಅಪ್ಪ ಕನ್ನಡಕ ಹಾಕಿಕೊಂಡು ಹುಡುಕಿದರು.

"ನನ್ನ ಹೆಸರೆಲ್ಲಿದೆ?"

"ಹೆಸರು ಹಾಕೋ ಹಾಗಿಲ್ವಂತೆ ಅಪ್ಪಾ. ಹದಿನೇಳನೇ ನಂಬರ್ ನೀವೇ."

"ಹಾಗಾ? ಕಾರ್ಖಾನೇಲೂ ನನಗೆ ಟೋಕನ್ ನಂಬರೇ ಇದ್ದಿದ್ದು ಬಿಡು," ಎಂದರು. ವರದಿಯನ್ನು ಅಮ್ಮನ ಕೈಗೆ ಕೊಟ್ಟು, ನಿವೃತ್ತಿಯ ದಿನ ಕೊಟ್ಟ ಪತ್ರವಿರುವ ಫೈಲಿನಲ್ಲಿ ಅದರ ಹಿಂದೆಯೇ ಇಡಲು ಹೇಳಿದರು.