ಅಂಪೋಮಾ ಅಲ್ಲ, ಅರಬಾ

ನಮ್ಮ ಚಿಕ್ಕಮ್ಮ ಯಾರಿಗೂ ವಿಷ ಹಾಕಿದವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೇಪ್ ಕೋಸ್ಟಿನಲ್ಲಿ ಶಾಲೆ ಓದಿದ ಯಾರನ್ನಾದರೂ ಕೇಳಿ ನೋಡಿ: ಗಂಡನ ತಾಳೆಹಣ್ಣಿನ ಸಾರಿಗೆ ವಿಷ ಬೆರೆಸಿದ ಅಂಪೋಮಾ ಯಾರು ಎಂದರೆ, ಗಂಡುಹುಡುಗರ ಶಾಲೆಯ ಗೇಟಿನ ಎದುರು ಕೆಂಕೆ ಕಡುಬು ಮಾರುವ ಹೆಂಗಸು ಎಂದೇ ಹೇಳುತ್ತಾರೆ. ಆ ಹೆಂಗಸಿನ ಹೆಸರು ಅರಬಾ ಎಸ್ಸುಮನ್. ನನ್ನ ತಾಯಿಯ ತಂಗಿ. ಗಂಡನನ್ನು ಕೊಂದ ಅಂಪೋಮಾ ಒಂದು ಕಾದಂಬರಿಯೊಳಗಿನ ಹೆಂಗಸು. ಇಬ್ಬರಿಗೂ ಇದ್ದ ನಂಟು ಒಂದೇ ಒಂದು ಫೋಟೋ.

ಚಿಕ್ಕಮ್ಮನಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಇದ್ದಾಗ ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡ ಬಿಳಿಯನೊಬ್ಬ ಅವಳ ಒಲೆಯ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತನಂತೆ. ನಮ್ಮ ಭಾಷೆಯಲ್ಲಿ ಏನೋ ಹೇಳಲು ಹೋಗಿ ಅಡ್ಡಾದಿಡ್ಡಿಯಾಗಿ ಹೇಳಿದ. ಚಿಕ್ಕಮ್ಮ ಬಿದ್ದು ಬಿದ್ದು ನಕ್ಕಳು. ಅವನು ಫೋಟೋ ಹೊಡೆದ, ಮತ್ತೆ ಹೊಡೆದ. ಅಷ್ಟರಲ್ಲಿ ಗಾಳಿ ತಿರುಗಿ ಹೊಗೆ ಕಣ್ಣಿಗೆ ನುಗ್ಗಿತು. ಒಂದು ಕಣ್ಣು ಮುಚ್ಚಿ, ಬಾಯಿ ಸೊಟ್ಟಗಾಗಿ, ಮುಖ ಹುಳ್ಳಗಾಯಿತು. ಅದನ್ನೂ ಒಂದು ಹೊಡೆದುಕೊಂಡ. ಎರಡು ಕೆಂಕೆ ಕೊಂಡು ತಿಂದು ಹೋದ.

ಸಮುದ್ರದಾಚೆ ಒಂದು ಪುಸ್ತಕದ ಕಂಪನಿ ಇತ್ತು. ನಮ್ಮ ಆಫ್ರಿಕಾದವರು ಬರೆದದ್ದು, ಕೆರಿಬಿಯನ್ ದ್ವೀಪದವರು ಬರೆದದ್ದು ಎಲ್ಲವನ್ನೂ ಒಂದೇ ಮಾಲೆಯಲ್ಲಿ, ಒಂದೇ ಹಸಿರು ಬೆನ್ನು ಹಚ್ಚಿ, ಅಗ್ಗದ ಬೆಲೆಗೆ ಅಚ್ಚು ಹಾಕುತ್ತಿತ್ತು. ಅದರಲ್ಲಿ 'ಎರಡನೆಯ ಗಡಿಗೆ' ಎಂಬ ಕಾದಂಬರಿ ಬಂತು. ಅಂಪೋಮಾ ತನಗೂ ಮಕ್ಕಳಿಗೂ ಒಂದು ಗಡಿಗೆಯಲ್ಲಿ ಬೇಯಿಸುತ್ತಾಳೆ, ಗಂಡನಿಗೆ ಇನ್ನೊಂದರಲ್ಲಿ. ಮುಂದಿನದು ಹೇಳಬೇಕಿಲ್ಲ. ರಕ್ಷಾಪುಟಕ್ಕೆ ಒಬ್ಬ ಕಪಟಿ ಹೆಂಗಸಿನ ಮುಖ ಬೇಕಿತ್ತು. ನಕ್ಕ ಫೋಟೋಗಳನ್ನೆಲ್ಲ ಬಿಟ್ಟು ಹೊಗೆ ಹೊಕ್ಕ ಮುಖವನ್ನೇ ಆರಿಸಿಕೊಂಡರು. ಅದಾಗಿ ಸ್ವಲ್ಪ ಕಾಲಕ್ಕೆ ಆ ಪುಸ್ತಕ ಶಾಲೆಗಳಿಗೆ ಪಠ್ಯವೂ ಆಯಿತು. ಶಾಲೆಗಳೇ ತುಂಬಿರುವ ಊರು ನಮ್ಮದು. ಗ್ರಹಚಾರ ಅಂದರೆ ಇದು.

ಮೊದಲನೇ ದಿನ ಹುಡುಗರು ಪುಸ್ತಕ ಹಿಡಿದುಕೊಂಡೇ ಒಲೆಯ ಮುಂದೆ ಬಂದು ನಿಂತರು.

"ಅಮ್ಮಾ, ಯಾವ ಗಡಿಗೆಯಿಂದ ಕೊಡ್ತಿದೀರಾ?"

"ಇರೋದೇ ಒಂದು ಗಡಿಗೆ ಕಣ್ರೋ."

"ಪುಸ್ತಕದಲ್ಲೂ ಅವಳು ಹಾಗೇ ಹೇಳ್ತಾಳೆ."

ನಗು. ಆವತ್ತಿನಿಂದ ಅವಳು ಅಂಪೋಮಾ.

ಅದು ಬರೀ ಹುಡುಗಾಟವಾಗಿ ಉಳಿದಿದ್ದರೆ ನಾನು ಇಷ್ಟು ಉರಿದುಕೊಳ್ಳುತ್ತಿರಲಿಲ್ಲ. ಚಿಕ್ಕಮ್ಮನ ಗಂಡ ಜೋಜೋ, ದೋಣಿ ಕೆತ್ತುವ ಬಡಗಿ, ಅದೇ ದಿನಗಳಲ್ಲಿ ಕರುಳು ತಿರುಚಿಕೊಂಡು ಆಸ್ಪತ್ರೆಯಲ್ಲಿ ತೀರಿಕೊಂಡ. ಡಾಕ್ಟರು ಬಾಯಿಬಿಟ್ಟು ಹೇಳಿದರು, ಇದು ಕರುಳಿನ ಕಾಯಿಲೆ ಎಂದು. ಆದರೆ ಹೆಣದ ಮುಂದೆ ಕೂತ ಅವನ ಅಕ್ಕ ಎಲ್ಲರಿಗೂ ಕೇಳುವಂತೆ ಅಂದಳು: "ಅಚ್ಚಾಗಿರೋದು ಸುಳ್ಳಾಗುತ್ತಾ?" ಆ ಹೆಂಗಸಿಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ. ರಕ್ಷಾಪುಟ ನೋಡಿದ್ದಳು, ಅಷ್ಟೇ. ಗಂಡನ ಕಡೆಯವರು ಚಿಕ್ಕಮ್ಮನನ್ನು ಮದುವೆ, ನಾಮಕರಣ ಯಾವುದಕ್ಕೂ ಮತ್ತೆ ಕರೆಯಲಿಲ್ಲ. ಕರೆದರೂ ಅವಳು ಬಡಿಸಿದ್ದನ್ನು ಯಾರು ಉಣ್ಣುತ್ತಿದ್ದರು? ಇನ್ನೊಂದು ಮದುವೆಯ ಮಾತೂ ಬರಲಿಲ್ಲ. ಹುಳಿ ಬಂದ ಮೆಕ್ಕೆಜೋಳದ ಹಿಟ್ಟು ನಾದುವುದು, ಒಣ ಬಾಳೆಲೆಯಲ್ಲಿ ಕಟ್ಟುವುದು, ಬೇಯಿಸುವುದು, ಮಾರುವುದು, ಇದೇ ಬದುಕಾಯಿತು.

ವರ್ಷಗಳು ಉರುಳಿದಂತೆ ಆ ಹೆಸರಿನ ವಿಷ ಇಳಿಯಿತು, ಹೆಸರು ಮಾತ್ರ ಇಳಿಯಲಿಲ್ಲ. ಹುಡುಗರಿಗೆ ಅದು ಮುದ್ದಿನ ಹೆಸರಾಯಿತು. ಅವಳ ಕೆಂಕೆ ತಿಂದು ಬೆಳೆದವರು ದೊಡ್ಡ ದೊಡ್ಡ ಸಾಹೇಬರಾಗಿ, ಕಾರು ನಿಲ್ಲಿಸಿ ಇಳಿದು ಬರುತ್ತಿದ್ದರು.

"ಅಂಪೋಮಾ, ನನ್ನ ನೆನಪಿದ್ಯಾ?"

"ನನ್ನ ಹೆಸರು ಅರಬಾ."

"ಹೌದು ಹೌದು, ಅಂಪೋಮಾ."

ಅವಳು ಪ್ರತಿಸಲವೂ ಹೇಳುತ್ತಿದ್ದಳು. ಬಂಡೆಯ ಮೇಲೆ ಮಳೆ. ನಾನಾಗಿದ್ದರೆ ಕುದಿಯುವ ನೀರು ಎರಚುತ್ತಿದ್ದೆ. ನಾನು ಸಾಲ್ಟ್‌ಪಾಂಡಿನಲ್ಲಿ ಬಟ್ಟೆ ಹೊಲಿಯುವವಳು, ನನ್ನ ನಾಲಿಗೆ ಕತ್ತರಿಗಿಂತ ಚೂಪು ಎಂದು ಗಿರಾಕಿಗಳೇ ಹೇಳುತ್ತಾರೆ. ಚಿಕ್ಕಮ್ಮ ಹಾಗಲ್ಲ. ಸಿಟ್ಟನ್ನೆಲ್ಲ ಹಿಟ್ಟಿಗೆ ಗುದ್ದುತ್ತಿದ್ದಳು. ಅವಳ ಕೆಂಕೆ ಅಷ್ಟು ಮೆತ್ತಗಿರುತ್ತಿದ್ದದ್ದು ಬಹುಶಃ ಅದಕ್ಕೇ.

ಅವಳಿಗೆ ಎಪ್ಪತ್ತು ಹತ್ತಿರವಾದಾಗ ಅಕ್ರಾದ ವಿಶ್ವವಿದ್ಯಾಲಯದಿಂದ ಸೆಲಾಸಿ ಎಂಬ ಹುಡುಗಿ ಬಂದಳು. ಆ ಹಸಿರು ಪುಸ್ತಕಗಳ ಕಂಪನಿ ತನ್ನ ಹಳೇ ಕಾಗದಪತ್ರಗಳನ್ನೆಲ್ಲ ಪೆಟ್ಟಿಗೆಗಳಲ್ಲಿ ತುಂಬಿ ಸಮುದ್ರದಾಚೆಯ ಒಂದು ದಾಖಲೆಮನೆಗೆ ಕೊಟ್ಟಿತ್ತಂತೆ. ಒಂದೊಂದು ಪುಸ್ತಕಕ್ಕೆ ಒಂದೊಂದು ಕಡತ. ಸೆಲಾಸಿ ಅಲ್ಲಿ ಕೂತು ಓದಿ, ರಕ್ಷಾಪುಟದ ಮುಖಗಳೆಲ್ಲ ಯಾರವು ಎಂದು ಹುಡುಕಿಕೊಂಡು ಬಂದಿದ್ದಳು. ನಮ್ಮ ಬೀದಿಯ ಕ್ಷೌರಿಕನ ಮುಖವನ್ನು ಯಾವುದೋ ದ್ವೀಪದ ಕಾದಂಬರಿಗೆ ಹಾಕಿದ್ದರು ಎಂದು ಆವತ್ತೇ ಗೊತ್ತಾಯಿತು. ದೋಣಿಯನ್ನೇ ಹತ್ತದ ಆ ಮನುಷ್ಯ ಕೂತಲ್ಲೇ ಕೆರಿಬಿಯನ್ನನಾಗಿದ್ದ.

"ನನ್ನ ಫೋಟೋ ಹಿಂದೆ ಏನು ಬರ್ದಿದಾರೆ?" ಎಂದು ಚಿಕ್ಕಮ್ಮ ಕೇಳಿದಳು.

"ಅಂಪೋಮಾ ಅಂತ ಬರ್ದಿದೆ, ಅಮ್ಮ. ಬೇರೆ ಏನೂ ಇಲ್ಲ."

ಚಿಕ್ಕಮ್ಮ ಕೈಯಲ್ಲಿದ್ದ ಎಲೆ ಕೆಳಗಿಟ್ಟಳು. ಅಲ್ಲೂ ಹಾಗೇ.

"ಇನ್ನೊಂದಿದೆ," ಎಂದು ಸೆಲಾಸಿ ಫೋನಿನಲ್ಲಿ ತೋರಿಸಿದಳು. ಕಾದಂಬರಿ ಬರೆದಾತ ಕಂಪನಿಗೆ ಹಾಕಿದ್ದ ಪತ್ರ. 'ನನ್ನ ಅಂಪೋಮಾ ಉದ್ದಕ್ಕೆ, ತೆಳ್ಳಗೆ ಇರುವವಳು. ಈ ಹೆಂಗಸು ಅವಳಲ್ಲವೇ ಅಲ್ಲ. ದಯವಿಟ್ಟು ಚಿತ್ರ ಬದಲಿಸಿ.' ಕಂಪನಿಯ ಉತ್ತರ ಒಂದೇ ಸಾಲು: ಆಗಲೇ ಅಚ್ಚಾಗಿಹೋಗಿದೆ.

ಹುಟ್ಟಿಸಿದವನೇ ಇವಳು ನನ್ನ ಮಗಳಲ್ಲ ಎಂದಮೇಲೆ ಇನ್ನೇನು ಬೇಕು? ಚಿಕ್ಕಮ್ಮ ಮೀನು ಮಾರುವವರ ಮುಂದೆ, ಚರ್ಚಿನ ಹೆಂಗಸರ ಮುಂದೆ, ಆ ಪತ್ರವನ್ನು ನನ್ನಿಂದ ಗಟ್ಟಿಯಾಗಿ ಓದಿಸಿದಳು. ಮೀನು ಮಾರುವ ಎಸಿ ಕಿವಿಗೊಟ್ಟು ಕೇಳಿ, ನನ್ನ ಕಡೆ ತಿರುಗಿ ತಲೆಯಾಡಿಸಿದಳು.

"ಬರೆದೋನಿಗೇನು ಗೊತ್ತು ಬಿಡು, ಎಫಿಬಾ. ಅವನು ಕುಮಾಸಿಯಲ್ಲಿ ಕೂತು ಬರ್ದ. ನಾವು ಅಂಪೋಮಾನ ದಿನಾ ನೋಡ್ತೀವಿ."

ಇಂಥವರ ಹತ್ತಿರ ಏನು ಮಾತಾಡುವುದು? ಆದರೆ ಆ ರಾತ್ರಿಯಿಂದ ಚಿಕ್ಕಮ್ಮ ಹಟಕ್ಕೆ ಬಿದ್ದಳು. ಅವಳಿಗೆ ಬೇಕಾದದ್ದು ಎರಡು. ದಾಖಲೆಮನೆಯಲ್ಲಿ ಫೋಟೋದ ಹಿಂದೆ ತನ್ನ ಹೆಸರು ಬರೆಯಬೇಕು. ಆವತ್ತು ನಕ್ಕಾಗ ಹೊಡೆದ ಫೋಟೋ ಕಡತದಲ್ಲಿದ್ದರೆ ತನಗೆ ಅದು ಬೇಕು. ಅವಳ ಹರೆಯದ ಬೇರೆ ಒಂದು ಫೋಟೋವೂ ನಮ್ಮ ಮನೆಯಲ್ಲಿರಲಿಲ್ಲ.

ಸೆಲಾಸಿ ಬರೆದಳು. ಫೋಟೋದಲ್ಲಿರುವುದು ಈಕೆಯೇ ಎನ್ನಲು ಪುರಾವೆ ಕಳಿಸಿ ಎಂದು ಉತ್ತರ ಬಂತು.

"ನನ್ನ ಮುಖ ಸಾಲದಂತಾ?"

ಮುಖ ಕಳಿಸಿದೆವು. ಹೋಲಿಕೆ ಪುರಾವೆಯಾಗುವುದಿಲ್ಲ, ಜನನಪತ್ರ ಕಳಿಸಿ ಎಂದರು. ಅವಳು ಮಂಗಳವಾರ ಹುಟ್ಟಿದ್ದಕ್ಕೆ ಅರಬಾ. ಯಾವ ಮಂಗಳವಾರ ಎಂದು ಕೇಳಿದರೆ ಯಾರನ್ನು ಕೇಳುವುದು, ಹೆತ್ತವಳು ಮಣ್ಣಾಗಿ ಎಷ್ಟೋ ಕಾಲವಾಗಿತ್ತು. ಊರಿನವರಿಂದ ಸಾಕ್ಷಿ ಬರೆಸೋಣವೆಂದು ಶಾಲೆಯ ಹೆಡ್‌ಮಾಸ್ಟರ ಹತ್ತಿರ ಹೋದೆ. ಅವರು ಖುಷಿಯಿಂದ ಬರೆದುಕೊಟ್ಟರು: 'ಈ ಮಹಿಳೆ ಅಂಪೋಮಾ ಎಂದು ಊರಿಗೆಲ್ಲ ಗೊತ್ತು.' ಅವರ ಮುಂದೆಯೇ ಹರಿದುಹಾಕಿ ಬಂದೆ. ಆಮೇಲೆ ಫೋಟೋ ಹೊಡೆದವನ ಹಕ್ಕಿನ ಪ್ರಶ್ನೆ ಎದ್ದಿತು. ಅವನು ತೀರಿಕೊಂಡಿದ್ದ, ಮಗಳ ಒಪ್ಪಿಗೆ ಬೇಕು ಎಂದರು.

"ನನ್ನ ಹಲ್ಲು ನಾನು ನೋಡೋಕೆ ಯಾರ್ದೋ ಮಗಳನ್ನ ಕೇಳಬೇಕಾ?" ಎಂದು ಚಿಕ್ಕಮ್ಮ ಒಲೆಯನ್ನು ಕೇಳಿದಳು. ಕಾಗದದ ಮೇಲೆ ಕಾಗದ, ತಿಂಗಳ ಮೇಲೆ ತಿಂಗಳು. ಅಷ್ಟರಲ್ಲಿ ಅವಳ ಕಾಲು ಊದತೊಡಗಿತು. ಒಲೆಯನ್ನು ಜೊತೆಗೆ ದುಡಿಯುತ್ತಿದ್ದ ಆಬಾಗೆ ಒಪ್ಪಿಸಿ ನನ್ನ ಮನೆಗೆ ಸಾಲ್ಟ್‌ಪಾಂಡಿಗೆ ಕರೆತಂದೆ.

ಕೊನೆಗೆ ದಾರಿ ತೋರಿಸಿದ್ದು ಅವಳ ಮೊಣಕೈ. ಚಿಕ್ಕಂದಿನಲ್ಲಿ ಗಡಿಗೆ ಮಗುಚಿ ಸುಟ್ಟ ಕಲೆ ಅಲ್ಲಿತ್ತು, ಕಡತದ ಫೋಟೋಗಳಲ್ಲೂ ಇತ್ತು. ಸೆಲಾಸಿ ಅದನ್ನು ಹಿಡಿದು ಜಗ್ಗಾಡಿದಳು. ಫೋಟೋ ಹೊಡೆದವನ ಮಗಳೂ ಒಳ್ಳೆಯವಳು, ಒಪ್ಪಿದಳು. ಒಂದು ದಿನ ಗಟ್ಟಿ ರಟ್ಟಿನ ಲಕೋಟೆ ಬಂತು. ಒಳಗೆ ತಲೆವಸ್ತ್ರ ಜಾರಿ, ಬಾಯ್ತುಂಬ ನಗುತ್ತಿರುವ ಹುಡುಗಿ. ನಾನು ಗುರುತು ಹಿಡಿಯಲಿಲ್ಲ. ಚಿಕ್ಕಮ್ಮ ಇಷ್ಟು ಚೆಲುವೆಯಾಗಿದ್ದಳು ಎಂದು ನನಗೆ ಯಾರೂ ಹೇಳಿರಲಿಲ್ಲ. ಜೊತೆಗಿದ್ದ ಚೀಟಿಯಲ್ಲಿ ದಾಖಲೆ ತಿದ್ದಿದ್ದು ಬರೆದಿತ್ತು: 'ಅರಬಾ ಎಸ್ಸುಮನ್, ಕೆಂಕೆ ಮಾರುವವರು, ಕೇಪ್ ಕೋಸ್ಟ್.'

"ಅವಳ ಹೆಸರಿಲ್ಲ ತಾನೆ?"

"ಇಲ್ಲ ಚಿಕ್ಕಮ್ಮ. ನಿಂದೊಂದೇ."

"ಇನ್ನೊಂದ್ಸಲ ಓದು."

ಓದಿದೆ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ಹಿಟ್ಟು ನಾದಿದ ಕೈ, ಕಾಯಿಲೆಯಲ್ಲೂ ಬಿಗಿ ಬಿಟ್ಟಿರಲಿಲ್ಲ.

"ನಾನು ಸತ್ತಾಗ ಗೋಡೆ ಮೇಲೆ ಇದೇ ಮುಖ ಹಚ್ಚು, ಇದೇ ಹೆಸರು ಹಾಕು. ಅವಳ ಹೆಸರು ನನ್ನ ಪೋಸ್ಟರಿನ ಮೇಲೆ ಬರಬಾರದು. ಮಾತು ಕೊಡು ಎಫಿಬಾ."

ಕೊಟ್ಟೆ. ಮಳೆಗಾಲ ಮುಗಿಯುವ ಮೊದಲೇ ಅವಳು ಹೋದಳು.

ನಮ್ಮಲ್ಲಿ ಸಾವಿನ ಪೋಸ್ಟರ್ ಎಂದರೆ ಮದುವೆ ಚಪ್ಪರಕ್ಕಿಂತ ಹೆಚ್ಚು. ಸತ್ತವರ ಮುಖ ದೊಡ್ಡದಾಗಿ, ಕೆಳಗೆ ಹೆಸರು, 'ಉರುಫ್' ಎಂದು ಊರು ಕರೆಯುತ್ತಿದ್ದ ಹೆಸರು, ಆಮೇಲೆ ಬಂಧುಬಳಗ. ಅಚ್ಚಿನವನು ಉರುಫಿನ ಜಾಗದಲ್ಲಿ ಏನು ಹಾಕಲಿ ಎಂದ. ಏನೂ ಬೇಡ ಎಂದೆ. ನಮ್ಮ ಕುಲದ ಹಿರಿಯ, ಎಬೋ ಮಾವ, ಹುಬ್ಬು ಗಂಟಿಕ್ಕಿದ. ಆದರೆ ನನ್ನ ಬಾಯಿಗೆ ಹೆದರಿ ಸುಮ್ಮನಾದ. ಕೇಪ್ ಕೋಸ್ಟಿನ ಗೋಡೆ, ಕಂಬ, ಶಾಲೆಯ ಕಾಂಪೌಂಡು ಎಲ್ಲ ಕಡೆ ಆ ನಗುವ ಹುಡುಗಿಯನ್ನು ಅಂಟಿಸಿದೆವು.

ಮಣ್ಣಿಗೆ ಮೊದಲು, ದೇಹ ಶವಾಗಾರದಲ್ಲಿರುವಾಗಲೇ, ಸತ್ತ ವಾರಕ್ಕೆ ಸೇರುವ ಕೂಟಕ್ಕೆ ಶಾಮಿಯಾನ ಹಾಕಿಸಿ, ಬೀದಿ ತುಂಬ ಕುರ್ಚಿ ಸಾಲಾಗಿ ಇಡಿಸಿದ್ದೆವು. ಮನೆಯವರು ಬಂದರು, ಪಕ್ಕದ ಮನೆಯವರು ಬಂದರು. ಉಳಿದ ಕುರ್ಚಿಗಳ ಮೇಲೆ ಮೇಕೆಗಳು ಹತ್ತಿ ಇಳಿದವು. ಐವತ್ತು ವರ್ಷ ಒಂದು ಊರಿಗೇ ಉಣ್ಣಿಸಿದವಳ ಸಾವು ಅದು.

ನನಗೆ ಮೈಯೆಲ್ಲ ಉರಿದುಹೋಯಿತು. ನೇರ ಶಾಲೆಯ ಗೇಟಿಗೆ ನಡೆದೆ. ಆಬಾಳ ಒಲೆಯ ಪಕ್ಕ ಹುಡುಗರು ಕೆಂಕೆ ಬಿಚ್ಚಿ ತಿನ್ನುತ್ತಿದ್ದರು. ಒಬ್ಬ ಪೋಸ್ಟರಿಗೇ ಬೆನ್ನು ಕೊಟ್ಟು ಒರಗಿದ್ದ.

"ಅಂಪೋಮಾ ಯಾವಾಗ ಬರ್ತಾರಂತೆ? ಖಾರ ಅವರು ಅರೆದ ಹಾಗಿಲ್ಲ."

ಆಬಾ ಕಣ್ಣೊರೆಸಿಕೊಂಡು ಗೋಡೆ ತೋರಿಸಿದಳು. ಹುಡುಗ ತಿರುಗಿ ಪೋಸ್ಟರನ್ನು ಮೇಲಿಂದ ಕೆಳಗೆ ಓದಿದ.

"ಪಾಪ. ಯಾರಿವರು, ನಿಮ್ಮ ನೆಂಟರಾ?"

ಆವತ್ತು ಸಂಜೆ ಎಬೋ ಮಾವ ಖಾಲಿ ಕುರ್ಚಿಗಳ ನಡುವೆ ಒಬ್ಬನೇ ಕೂತಿದ್ದ. ಬೈಯುತ್ತಾನೆ ಎಂದುಕೊಂಡೆ, ಬೈಯಲಿಲ್ಲ.

"ಸತ್ತೋಳಿಗೆ ಕೊಟ್ಟ ಮಾತು ದೊಡ್ಡದೇ ಕಣಮ್ಮ, ನಾನು ಇಲ್ಲ ಅನ್ನಲ್ಲ. ಆದ್ರೆ ಮೇಕೆಗಳ ಮಧ್ಯೆ ನನ್ನ ತಂಗೀನ ಕಳಿಸೋಕೆ ನನಗೆ ಮನಸ್ಸು ಬರಲ್ಲ. ಅವಳಿಗೆ ಅಂತ ಅಳೋರು ಊರು ತುಂಬ ಇದಾರೆ. ಅಳೋಕೆ ಅವರಿಗೆ ಹೆಸರು ಗೊತ್ತಿಲ್ಲ, ಅಷ್ಟೆ. ನೀನೇ ಹೇಳು, ಏನು ಮಾಡೋಣ?"

ಈ ಮನುಷ್ಯ ಗದರಿದ್ದರೆ ನಾನು ಜಗಳವಾಡಿ ಗೆಲ್ಲುತ್ತಿದ್ದೆ. ಹೀಗೆ ಕೇಳಿದರೆ ಏನು ಮಾಡಲಿ? ದಾಖಲೆಮನೆಯವರ ಮೇಲೆ, ಕಂಪನಿಯ ಮೇಲೆ, ಹೆಡ್‌ಮಾಸ್ಟರ ಮೇಲೆ ಬರುತ್ತಿದ್ದ ಸಿಟ್ಟು ಈಗ ಯಾರ ಮೇಲೆ ತೀರಿಸಿಕೊಳ್ಳಬೇಕೆಂದೇ ತಿಳಿಯಲಿಲ್ಲ. ಸಮುದ್ರದಾಚೆಯ ಕಪಾಟಿನಲ್ಲಿ ಅವಳ ಹೆಸರು ಸರಿಯಾಗಿತ್ತು. ಹುಟ್ಟಿದೂರಿನ ಗೋಡೆಯ ಮೇಲೆ ಅದೇ ಹೆಸರಿಗೆ ಹೊರಗಿನ ಒಂದು ನರಪಿಳ್ಳೆಯೂ ಬರಲಿಲ್ಲ.

ಬೆಳಿಗ್ಗೆ ಬೋರ್ಡು ಬರೆಯುವವನ ಹತ್ತಿರ ಕಪ್ಪು ಬಣ್ಣದ ಡಬ್ಬಿ, ಕುಂಚ ಇಸಿದುಕೊಂಡೆ. ನಾನೇ ಬರೆಯುತ್ತೇನಮ್ಮ ಎಂದ ಅವನು. ಬೇಡ ಎಂದೆ. ಮಾತು ಮುರಿಯುವವಳು ನಾನಾದಮೇಲೆ ಕೈಯೂ ನನ್ನದೇ ಆಗಲಿ. ಶಾಲೆಯ ಗೋಡೆಯಿಂದ ಶುರುಮಾಡಿ ಒಂದೊಂದು ಪೋಸ್ಟರಿನ ಮುಂದೂ ನಿಂತು, ಆ ನಗುವ ಮುಖದ ಕೆಳಗೆ, ಅರಬಾ ಎಸ್ಸುಮನ್ ಎಂಬುದರ ಪಕ್ಕದಲ್ಲಿ 'ಉರುಫ್ ಅಂಪೋಮಾ' ಎಂದು ಬರೆದೆ. ಮುಖ ನೋಡದೆ ಬರೆದೆ. ಮಾರುಕಟ್ಟೆ ತಲುಪುವ ಹೊತ್ತಿಗೆ ಹಿಂದೆ ಶಾಲೆಯ ಕಡೆಯಿಂದ ಅಳು ಕೇಳಿಸತೊಡಗಿತ್ತು.

ಮಣ್ಣಿನ ದಿನ ಶನಿವಾರ. ಕುಮಾಸಿಯಿಂದ, ಅಕ್ರಾದಿಂದ, ತಕೊರಾಡಿಯಿಂದ ಬಸ್ಸು ಮಾಡಿಕೊಂಡು ಬಂದರು. ಸಾವಿನ ಕಪ್ಪು ಕೆಂಪು ಬಟ್ಟೆಯುಟ್ಟ ಸಾಹೇಬರು ಕುರ್ಚಿ ಸಿಗದೆ ಬಿಸಿಲಲ್ಲಿ ನಿಂತಿದ್ದರು. ಶಾಲೆಯ ಬ್ಯಾಂಡು ಬಂತು. ಮೀನಿನ ಎಸಿ ಎದೆ ಬಡಿದುಕೊಂಡು ಅತ್ತಳು, ಅದು ನಾಟಕವಾಗಿರಲಿಲ್ಲ. ಪೆಟ್ಟಿಗೆ ಎತ್ತುವಾಗ ನಾವು ಸತ್ತವರನ್ನು ಹೆಸರು ಹಿಡಿದು ಕೂಗಿ ಕಳಿಸುತ್ತೇವೆ, ದಾರಿಯಲ್ಲಿ ಒಂಟಿಯಾಗದಿರಲಿ ಎಂದು. ಇಡೀ ಬೀದಿ ಒಂದೇ ಬಾಯಲ್ಲಿ ಕೂಗಿತು, ಅಂಪೋಮಾ, ಹೋಗಿ ಬಾ ಎಂದು. ಅಷ್ಟು ಪ್ರೀತಿಯ ಕೂಗನ್ನು ನಾನು ಯಾವ ಸಾವಿನಲ್ಲೂ ಕೇಳಿಲ್ಲ. ಅರಬಾ ಎಂದು ಕೂಗಿದವಳು ನಾನೊಬ್ಬಳೇ. ಗಂಟಲು ಹರಿಯುವಂತೆ ಕೂಗಿದೆ, ಆದರೂ ಆ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ.